ಮೆಷಿನ್ ಇರುವ ಫ್ಲ್ಯಾಟ್: ರಿಪೇರಿ ಖರ್ಚು ಯಾರದು?

ಮಂಜೇಶ್ವರ, ಉಪ್ಪಳ ಕಡೆಯಿಂದ ಮಕ್ಕಳ ಕಾಲೇಜಿಗೆಂದು ಮಂಗಳೂರಿನಲ್ಲಿ ಬಾಡಿಗೆ ಫ್ಲ್ಯಾಟ್ ಹುಡುಕುವ ನಮ್ಮವರು ವಾಷಿಂಗ್ ಮೆಷಿನ್ ಉಂಟಾ ಎಂದು ಕೇಳಿಯೇ ಕೇಳುತ್ತಾರೆ. ಮಳೆಗಾಲದಲ್ಲಿ ಬಟ್ಟೆ ಒಣಗದ ಊರು, ನಮಾಝಿಗೆ ಶುದ್ಧ ಬಟ್ಟೆ ಬೇಕು. ಹಾಗಾಗಿ ಬಾಡಿಗೆ ಸ್ವಲ್ಪ ಹೆಚ್ಚಾದರೂ ಒಪ್ಪುತ್ತಾರೆ. ತಕರಾರು ಶುರುವಾಗುವುದು ಮೆಷಿನ್ ಕೆಟ್ಟಾಗ.

ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ಎಂದರೆ ಎಲ್ಲರೂ ಹೇಳುವುದು ಒಂದೇ: ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು. ಅದರ ಎರಡನೇ ಅನುಸೂಚಿ ಓದಿದವರು ಕಡಿಮೆ. ಸುಣ್ಣಬಣ್ಣ, ಪೈಪ್ ಬದಲಾವಣೆ, ವಯರಿಂಗ್ ಮಾಲಕರ ಲೆಕ್ಕ. ನಲ್ಲಿ, ಸ್ವಿಚ್, ಗೀಸರ್, ವಿದ್ಯುತ್ ಉಪಕರಣಗಳ ರಿಪೇರಿ ಬಾಡಿಗೆದಾರರ ಲೆಕ್ಕ. ಅಂದರೆ ಹಳೆಯ ಮೆಷಿನ್‌ಗೆ ಬಾಡಿಗೆ ಕೊಟ್ಟವರೇ ಮೋಟರನ್ನೂ ಹಾಕಿಸಬೇಕು! ಮಾಲಕರ ಸವಕಳಿ ನಮ್ಮ ಖಾತೆಗೆ.

ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಈ ಹಂಚಿಕೆ ಬದಲಾಗುತ್ತದೆ. ಮಾದರಿ ಕಾಯ್ದೆಯಂತೂ ರಾಜ್ಯ ಸರಕಾರ ಕಾನೂನು ಮಾಡಿದರಷ್ಟೇ ಜಾರಿ. ಹಾಗಾಗಿ ಕೈಯಲ್ಲಿರುವುದು 11 ತಿಂಗಳ ಅಗ್ರಿಮೆಂಟ್ ಒಂದೇ. ಮೆಷಿನ್‌ನ ಕಂಪೆನಿ, ಎಷ್ಟು ಹಳತು, ರಿಪೇರಿ ಯಾರದು ಎಂದು ಅದರಲ್ಲೇ ಬರೆಸಬೇಕು. ಆದರೆ ಹೆಸರು ಕೇಳಿದ ಕೂಡಲೇ "ಮನೆ ಹೋಯಿತು" ಎನ್ನುವವರ ನಡುವೆ ಹೇಗೋ ಸಿಕ್ಕಿದ ಫ್ಲ್ಯಾಟಿನಲ್ಲಿ ಕಾಗದದ ಮಾತೆತ್ತಲು ನಮ್ಮವರಿಗೆ ಅಂಜಿಕೆ. ನಷ್ಟದ ಅರ್ಧ ಈ ಅಂಜಿಕೆಯದ್ದೇ.

ಇನ್ನು ಲೆಕ್ಕ ನೋಡಿ. ಮೆಷಿನ್‌ಗಾಗಿ ತಿಂಗಳಿಗೆ ಸಾವಿರ ಹೆಚ್ಚು ಕೊಟ್ಟರೆ 11 ತಿಂಗಳಿಗೆ 11,000. ಆ ದುಡ್ಡಿಗೆ ಸೆಮಿ ಆಟೋಮ್ಯಾಟಿಕ್ ಹೊಸತೇ ಬರುತ್ತದೆ, ಮನೆ ಬಿಡುವಾಗ ಜೊತೆಗೂ ಬರುತ್ತದೆ. ಫ್ಲ್ಯಾಟಿನಲ್ಲಿ ನಲ್ಲಿ, ನೀರು ಹೋಗುವ ದಾರಿ, ಪ್ಲಗ್ ಪಾಯಿಂಟ್ ಇದ್ದರಾಯಿತು.