ಮಗ ಕೇಳಿದ ರೌಟರ್ ಕೊಡಿಸಬೇಕೇ?

ಮೊನ್ನೆ ಶಿರಹಟ್ಟಿ ಕಡೆಯ ಪಾಲಕರೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಗದಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಮನೆಗೆ 'ಮೈಕ್ರೋಟಿಕ್' ರೌಟರ್ ಬೇಕೆಂದು ಅವನ ಹಟ. ತಂದೆಯದು ಒಂದೇ ಪ್ರಶ್ನೆ: "ಉಳ್ಳಾಗಡ್ಡಿ ಮಾರಿದ ರೊಕ್ಕ ಐತ್ರಿ. ಇದನ್ನ ತಂದ್ರ ಮನ್ಯಾಗ ನೆಟ್ ಜೋರಾಗತೈತೇನ್ರಿ?"

ಆಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟೆ.

ಗದಗ ಜಂಕ್ಷನ್ ನೋಡಿದವರಿಗೆ ರೌಟರ್ ಸುಲಭವಾಗಿ ಅರ್ಥವಾಗುತ್ತದೆ. ಹುಬ್ಬಳ್ಳಿ, ಹೊಸಪೇಟೆ, ಬಾಗಲಕೋಟೆ ಕಡೆಯ ಹಳಿಗಳು ಅಲ್ಲಿ ಕೂಡುತ್ತವೆ. ಯಾವ ಗಾಡಿ ಯಾವ ಹಳಿಗೆ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ರೌಟರ್ ಮಾಡುವುದೂ ಅದನ್ನೇ. ಜಂಕ್ಷನ್ ದೊಡ್ಡದು ಮಾಡಿದರೆ ಬರುವ ಗಾಡಿ ಹೆಚ್ಚಾಗುವುದಿಲ್ಲ. ನೀವು 50 ಎಂಬಿಪಿಎಸ್ ಸಂಪರ್ಕಕ್ಕೆ ಹಣ ಕಟ್ಟಿದ್ದರೆ ಸಿಗುವುದು 50 ಮಾತ್ರ. ಒಳಕೋಣೆಯಲ್ಲಿ ಸಿಗ್ನಲ್ ಬರದಿದ್ದರೆ ಅದು ದಪ್ಪ ಗೋಡೆಯ ತೊಂದರೆ. ಪೆಟ್ಟಿಗೆಯನ್ನು ಪಡಸಾಲೆಯ ನಡುವೆ, ಎತ್ತರದಲ್ಲಿ ಇಟ್ಟು ನೋಡಿ, ಖರ್ಚಿಲ್ಲ.

ಹಾಗಾದರೆ ಆ ರೌಟರಿನಲ್ಲಿ ಏನಿದೆ? ಮೈಕ್ರೋಟಿಕ್ 1996ರಲ್ಲಿ ಆರಂಭವಾದ ಲಾಟ್ವಿಯಾ ದೇಶದ ಕಂಪನಿ. ಅದರ ರೌಟರಿನಲ್ಲಿ ಪ್ರತಿಯೊಂದು ನಿಯಮವನ್ನೂ ನಾವೇ ಬರೆಯಬಹುದು. ಯಾರಿಗೆ ಎಷ್ಟು ವೇಗ, ಒಂದು ಸಂಪರ್ಕ ಕಡಿದರೆ ಇನ್ನೊಂದಕ್ಕೆ ಹೇಗೆ ತಿರುಗಬೇಕು, ಹೊರಗಿನಿಂದ ಯಾರನ್ನು ತಡೆಯಬೇಕು, ಎಲ್ಲವನ್ನೂ. ಮುಂಡರಗಿಯಲ್ಲಿ ಮೂವತ್ತು ಮಕ್ಕಳ ಟ್ಯೂಷನ್ ತರಗತಿ, ಬೆಟಗೇರಿಯಲ್ಲಿ ಹಾಸ್ಟೆಲ್, ಲಕ್ಷ್ಮೇಶ್ವರದಲ್ಲಿ ಎರಡು ಕಂಪನಿಗಳ ಸಂಪರ್ಕವಿರುವ ಸೈಬರ್ ಅಂಗಡಿ ನಡೆಸುವವರಿಗೆ ಇದು ನಿಜಕ್ಕೂ ಉಪಯೋಗ. ನಾಲ್ಕು ಮೊಬೈಲ್, ಒಂದು ಟಿ.ವಿ. ಇರುವ ಮನೆಗೆ ಬೇಕಿಲ್ಲ.

ಇನ್ನೊಂದು ಮಾತು. ನಿಯಮ ಬರೆಯುವ ಅಧಿಕಾರದ ಜೊತೆಗೆ ಕಾಯುವ ಹೊಣೆಯೂ ಬರುತ್ತದೆ. 2018ರಲ್ಲಿ ಈ ರೌಟರುಗಳಲ್ಲಿ ಒಂದು ದೋಷ ಕಂಡುಬಂತು. ಕಂಪನಿ ಏಪ್ರಿಲ್‌ನಲ್ಲೇ ತಿದ್ದುಪಡಿ ಕೊಟ್ಟಿತು. ಆದರೆ ಅದನ್ನು ಹಾಕಿಕೊಳ್ಳದ ಒಂದು ಲಕ್ಷಕ್ಕೂ ಹೆಚ್ಚು ರೌಟರುಗಳು ಕಳ್ಳರ ಕೈಸೇರಿದವು. ಹುಡುಗ ನಾಳೆ ನೌಕರಿಗೆಂದು ಬೆಂಗಳೂರಿಗೆ ಹೋದರೆ ಶಿರಹಟ್ಟಿಯ ಮನೆಯಲ್ಲಿ ಅದನ್ನು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗೆ ಅವನು ಮೊದಲ ಬಾರಿಗೆ ತಲೆ ತಗ್ಗಿಸಿದ.

ಆದರೆ ಅವನ ಆಸೆಯನ್ನು ಚಿವುಟಬಾರದು. ನೆಟ್‌ವರ್ಕ್ ಕೆಲಸ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಗುರು ಕಡಿಮೆ. ಅದೇ ಕಂಪನಿಯ 'ಕ್ಲೌಡ್ ಹೋಸ್ಟೆಡ್ ರೌಟರ್' ಎಂಬ ತಂತ್ರಾಂಶ ಕಂಪ್ಯೂಟರಿನೊಳಗೇ ಕಾಲ್ಪನಿಕ ರೌಟರ್ ಆಗಿ ಓಡುತ್ತದೆ, ಉಚಿತವಾಗಿಯೂ ಸಿಗುತ್ತದೆ. ಅದರ ವೇಗ 1 ಎಂಬಿಪಿಎಸ್‌ಗೆ ಸೀಮಿತ. ಕಲಿಕೆಗೆ ಅಷ್ಟು ಧಾರಾಳ.

ಆದ್ದರಿಂದ ಹುಡುಗನಿಗೆ ಮೂರು ಕೆಲಸ ಹೇಳಿದೆ. ಒಂದು, ಅದರಲ್ಲಿ ಎರಡು ತಿಂಗಳು ಅಭ್ಯಾಸ ಮಾಡು. ಎರಡು, ನಿಯಮಗಳನ್ನು ತಪ್ಪು ಬರೆದು ಕೆಡಿಸಿ, ಮತ್ತೆ ಸರಿಪಡಿಸಲು ಕಲಿ. ಮೂರು, ನಿಮ್ಮ ಪೆಟ್ಟಿಗೆಯನ್ನು 'ಬ್ರಿಜ್' ಮಾಡಿಕೊಡುವರೇ ಎಂದು ಕೇಬಲ್‌ನವರನ್ನು ಕೇಳು. ಅವರು ಒಲ್ಲೆ ಎಂದರೆ ಹೊಸ ರೌಟರ್ ತಂದರೂ ಅರ್ಧ ಕೆಲಸ ಅವರ ಕೈಯಲ್ಲೇ ಉಳಿಯುತ್ತದೆ.

ಮೂರೂ ಮುಗಿಸಿ ಬಂದರೆ ಕೊಡಿಸಿ ಎಂದು ತಂದೆಗೆ ಹೇಳಿದೆ. "ಅಲ್ಲೀತನಕ ರೊಕ್ಕ ನನ್ನ ಹತ್ರನ ಇರ್ತಾವು" ಎಂದು ನಕ್ಕರು. ಮಗನೂ ನಕ್ಕ. ಪಾಲಕರೇ, ನಿಮ್ಮ ಮನೆಯಲ್ಲೂ ಇಂಥ ಬೇಡಿಕೆ ಬಂದರೆ ಬೆಲೆ ಕೇಳುವ ಮೊದಲು ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ.