ರಜೆ ಮುಗಿಯಿತು, ಕೂಸು ಯಾರ ಕೈಗೆ?

ಹೆರಿಗೆ ರಜೆ 26 ವಾರ. ಅಂಗನವಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಆಡಿಸಿ, ಕಲಿಸಿ, ಊಟ ಹಾಕಿ ಕಳಿಸುವುದು ಅದಕ್ಕೆ ಮೂರು ವರ್ಷ ತುಂಬಿದ ಮೇಲೆ. ನಡುವಿನ ಎರಡೂವರೆ ವರ್ಷ ಕೂಸು ಎಲ್ಲಿರಬೇಕು?

ಬಾಗಲಕೋಟೆ ಜಿಲ್ಲೆಯ ಸಮೀರವಾಡಿ, ಮಹಾಲಿಂಗಪುರ, ಬನಹಟ್ಟಿ, ಮುಧೋಳ ಕಡೆ ಈ ಪ್ರಶ್ನೆಗೆ ಸಿದ್ಧ ಉತ್ತರವೊಂದಿದೆ: ‘ಮನ್ಯಾಗ ಅತ್ತಿ ಅದಾರಲ್ಲ.’ ಸರ್ಕಾರದ ಲೆಕ್ಕಾಚಾರವೂ ಒಳಗೊಳಗೆ ಇದೇ ಉತ್ತರದ ಮೇಲೆ ನಿಂತಿದೆ. ಆದರೆ ಆ ಅತ್ತೆ ಯಾರು? ಹೆಣ್ಣುಮಕ್ಕಳಿಗೆ ಬೇಗ ಮದುವೆಯಾಗುವ ಸೀಮೆ ಇದು. ಮೊದಲ ಮೊಮ್ಮಗು ಹುಟ್ಟುವಾಗ ಅಜ್ಜಿಗೆ ನಲವತ್ತೈದೋ ಐವತ್ತೋ ಆಗಿರುತ್ತದೆ. ಅವಳೂ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕಳೆ ತೆಗೆಯಲು, ಅರಿಷಿಣ ಕೀಳಲು, ಕಬ್ಬು ನಾಟಿ ಮಾಡಲು ಹೋಗುವವಳೇ. ಸೊಸೆ ಕೆಲಸಕ್ಕೆ ಹೋಗಲೆಂದು ಅತ್ತೆ ಮನೆಯಲ್ಲಿ ಕೂತರೆ ಒಂದು ಕೂಲಿ ಹೋಗುತ್ತದೆ. ಅತ್ತೆ ಹೋಗಲೆಂದು ಸೊಸೆ ಕೂತರೆ ಇನ್ನೊಂದು. ಮನೆಯ ಆದಾಯದಲ್ಲಿ ಖೋತಾ ಬೀಳುವುದು ಹೇಗೂ ತಪ್ಪದು. ಅದರ ಬೆಲೆ ತೆರುವವರು ಯಾರು ಎಂಬುದಷ್ಟೇ ಬದಲಾಗುತ್ತದೆ.

ಇಬ್ಬರೂ ಹೊರಟರೆ ಕೂಸು ಅಕ್ಕನ ಸೊಂಟಕ್ಕೆ ಬರುತ್ತದೆ. ನಾಲ್ಕನೆಯದೋ ಐದನೆಯದೋ ತರಗತಿಯ ಹುಡುಗಿ ವಾರದಲ್ಲಿ ಎರಡು ದಿನ ಶಾಲೆ ತಪ್ಪಿಸುತ್ತಾಳೆ, ಆಮೇಲೆ ನಾಲ್ಕು ದಿನ, ಆಮೇಲೆ ಹೆಸರಷ್ಟೇ ಹಾಜರಿ ಪುಸ್ತಕದಲ್ಲಿ. ಹೆಣ್ಣುಮಕ್ಕಳು ಶಾಲೆ ಬಿಡುವ ಬಗ್ಗೆ ಮಾತು ಬಂದಾಗಲೆಲ್ಲ ಬಡತನ, ಬಾಲ್ಯವಿವಾಹ, ಶೌಚಾಲಯದ ಕೊರತೆಯ ಪ್ರಸ್ತಾಪವಾಗುತ್ತದೆ. ಹತ್ತು ವರ್ಷದ ಹುಡುಗಿ ಮನೆಯ ಶಿಶುಪಾಲನಾ ಕೇಂದ್ರವಾಗಿರುವುದು ಆ ಚರ್ಚೆಯಲ್ಲಿ ಬರುವುದೇ ಅಪರೂಪ. ತಾಯಿಯ ಕೆಲಸ ಉಳಿಸಲು ಮಗಳ ಓದು ತೆರಬೇಕಾದ ಈ ಸ್ಥಿತಿಯನ್ನು ‘ಮನೆಯೊಳಗಿನ ಹೊಂದಾಣಿಕೆ’ ಎಂದು ಕರೆದು ಕೈತೊಳೆದುಕೊಳ್ಳುವುದು ಅನ್ಯಾಯ.

ಆರು ತಿಂಗಳ ರಜೆಗೆ ವೈದ್ಯಕೀಯ ಕಾರಣ ಸ್ಪಷ್ಟ: ಅಲ್ಲಿಯವರೆಗೆ ಮಗುವಿಗೆ ತಾಯಿಯ ಹಾಲಷ್ಟೇ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಮೇಲೆ ಎದೆಹಾಲಿನ ಜೊತೆಗೆ ಮೆತ್ತಗೆ ಬೇಯಿಸಿದ ಆಹಾರ ಶುರುವಾಗಬೇಕು, ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಹಲವು ಸಲ, ಪಕ್ಕದಲ್ಲಿ ಕೂತು ತಾಳ್ಮೆಯಿಂದ ತಿನ್ನಿಸಬೇಕು. ಅಂದರೆ ಮಗುವಿಗೆ ಒಬ್ಬರ ಪೂರ್ಣ ಗಮನ ಬೇಕಾಗುವ ಹೊತ್ತಿಗೆ ಸರಿಯಾಗಿ ರಜೆ ಮುಗಿಯುತ್ತದೆ. ಅಂಗನವಾಡಿಯಿಂದ ಮೂರು ವರ್ಷದೊಳಗಿನ ಮಗುವಿಗೆ ಸಿಗುವುದು ಮನೆಗೆ ಕೊಂಡೊಯ್ಯುವ ಆಹಾರದ ಪೊಟ್ಟಣ. ಅದನ್ನು ಬೇಯಿಸಿ ತಿನ್ನಿಸುವ ಕೈ ಪೊಟ್ಟಣದ ಜೊತೆ ಬರುವುದಿಲ್ಲ.

ಈ ವಿಷಯದಲ್ಲಿ ದೇಶದಲ್ಲಿ ಕಾನೂನಿಗೆ ಬರವಿಲ್ಲ. 1948ರ ಕಾರ್ಖಾನೆ ಕಾಯ್ದೆ 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ರಜೆ 12ರಿಂದ 26 ವಾರಕ್ಕೆ ಏರಿತು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದಾಯಿತು. ಅದಕ್ಕೂ ಮೊದಲೇ, 2000ದ ಮಾರ್ಚ್ 8ರಂದು, ದೆಹಲಿ ಮಹಾನಗರ ಪಾಲಿಕೆಯ ದಿನಗೂಲಿ ಮಹಿಳೆಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೆರಿಗೆ ಸೌಲಭ್ಯ ಕಾಯಂ ನೌಕರರ ಸ್ವತ್ತಲ್ಲ ಎಂದು ತೀರ್ಪು ಕೊಟ್ಟಿತ್ತು.

ತೊಡಕಿರುವುದು ತಲೆ ಎಣಿಸುವ ವಿಧಾನದಲ್ಲಿ. ಒಬ್ಬ ಮಾಲೀಕ, ಒಂದು ಛಾವಣಿ, 50 ನೌಕರರು: ಬೆಂಗಳೂರಿನ ಐಟಿ ಕಂಪನಿಗೋ ಪೀಣ್ಯದ ಗಾರ್ಮೆಂಟ್ಸ್‌ಗೋ ಈ ಅಳತೆ ಹೊಂದುತ್ತದೆ. ಕೃಷ್ಣಾ–ಘಟಪ್ರಭಾ ನಡುವಿನ ಈ ತಾಲ್ಲೂಕುಗಳಲ್ಲಿ ಹೆಣ್ಣುಮಕ್ಕಳ ದುಡಿಮೆ ಹರಡಿಕೊಂಡಿರುವ ರೀತಿಯೇ ಬೇರೆ. ಜಮಖಂಡಿಯ ಬ್ಯಾಂಕ್ ಶಾಖೆಯಲ್ಲಿ ಹತ್ತು ಜನ, ಬೀಳಗಿಯ ಖಾಸಗಿ ಶಾಲೆಯಲ್ಲಿ ಹದಿನೈದು ಜನ, ಮುಧೋಳದ ನರ್ಸಿಂಗ್ ಹೋಮ್‌ನಲ್ಲಿ ಇಪ್ಪತ್ತು ಜನ. ರಬಕವಿ–ಬನಹಟ್ಟಿಯಲ್ಲಿ ಮಗ್ಗಗಳ ಸದ್ದು ಓಣಿ ಓಣಿಯಲ್ಲಿ ಕೇಳುತ್ತದೆ. ಆದರೆ ಒಂದೊಂದು ಶೆಡ್‌ನಲ್ಲಿ ಇರುವುದು ಕೆಲವೇ ಮಗ್ಗ, ಬೆರಳೆಣಿಕೆಯ ಕೂಲಿಗಳು. ನೂಲಿನ ಕಂಡಿಕೆ ಸುತ್ತುವ ಹೆಂಗಸಂತೂ ಬಹಳ ಸಲ ತನ್ನ ಮನೆಯಲ್ಲೇ ಕೂತು ದುಡಿಯುವವಳು. ಊರಿನ ಒಟ್ಟು ಲೆಕ್ಕದಲ್ಲಿ ಸಾವಿರಾರು ತಾಯಂದಿರಿದ್ದಾರೆ; ಕಾನೂನಿನ ಕಣ್ಣಿಗೆ ಎಲ್ಲೂ ಐವತ್ತು ಜನ ಕಾಣುವುದಿಲ್ಲ.

ಕಬ್ಬಿನ ಗ್ಯಾಂಗುಗಳಲ್ಲಂತೂ ರಜೆ ಎಂಬ ಮಾತೇ ಇಲ್ಲ. ನುರಿಸುವ ಹಂಗಾಮು ಶುರುವಾದರೆ ಸಮೀರವಾಡಿಯ ಗೋದಾವರಿ ಕಾರ್ಖಾನೆಯಿಂದ ಹಿಡಿದು ಈ ಭಾಗದ ಎಲ್ಲ ಸಕ್ಕರೆ ಕಾರ್ಖಾನೆಗಳಿಗೂ ಹಗಲು ರಾತ್ರಿ ಕಬ್ಬು ಬೇಕು. ಅದನ್ನು ಕಡಿಯಲು ಬೇರೆ ಊರುಗಳಿಂದ ಬರುವ ಗ್ಯಾಂಗುಗಳು ಗಂಡ–ಹೆಂಡತಿಯ ಜೋಡಿ ಲೆಕ್ಕದಲ್ಲಿ ಮುಂಗಡ ಪಡೆದಿರುತ್ತವೆ. ಅವನು ಕಡಿದದ್ದನ್ನು ಅವಳು ಕಂತೆ ಕಟ್ಟಿ, ತಲೆ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಹೇರಬೇಕು. ಅವಳು ನಿಂತರೆ ಜೋಡಿಯೇ ನಿಂತಂತೆ, ಮುಂಗಡದ ಸಾಲ ತಲೆ ಮೇಲೆ ಉಳಿದಂತೆ. ಹಾಗಾಗಿ ಹೆತ್ತು ಕೆಲವೇ ವಾರಗಳಾದವಳೂ ಹೊಲಕ್ಕೆ ಇಳಿಯುತ್ತಾಳೆ. ಕೂಸು ಗುಡಿಸಲಿನಲ್ಲೋ, ಬದುವಿನ ಮರಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲೋ ಇರುತ್ತದೆ; ಸುತ್ತಲೂ ಟ್ರ್ಯಾಕ್ಟರಿನ ಓಡಾಟ, ರವದಿಗೆ (ಕಬ್ಬಿನ ಒಣಗಿದ ಗರಿಗೆ) ಹಚ್ಚಿದ ಬೆಂಕಿ, ಹಾವಿನ ಭಯ. ದುಡಿಸಿಕೊಳ್ಳುವವರು ರೈತರೋ, ಗ್ಯಾಂಗಿನ ಮುಖ್ಯಸ್ಥನೋ, ಕಾರ್ಖಾನೆಯೋ ಎಂಬ ಪ್ರಶ್ನೆಗೆ ಮೂವರೂ ಒಬ್ಬರನ್ನೊಬ್ಬರು ತೋರಿಸಬಹುದು. ಹೊಣೆ ಹೀಗೆ ಮೂರು ಪಾಲಾದರೆ ಕೂಸಿನ ಪಾಲಿಗೆ ಯಾರೂ ಉಳಿಯುವುದಿಲ್ಲ.

ಕರ್ನಾಟಕ ಏನೂ ಮಾಡಿಲ್ಲ ಎನ್ನುವಂತಿಲ್ಲ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳ ಮೂಲವಾದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಸೇವೆ) ಆರಂಭವಾದಾಗ ದೇಶದ ಮೊದಲ ಪ್ರಾಯೋಗಿಕ ಕೇಂದ್ರಗಳಲ್ಲಿ ಮೈಸೂರು ಜಿಲ್ಲೆಯ ತಿ.ನರಸೀಪುರವೂ ಇತ್ತು. ಸರ್ಕಾರಿ ನೌಕರಿಯಲ್ಲಿರುವ ತಾಯಂದಿರಿಗೆ ರಾಜ್ಯ 2021ರಲ್ಲಿ ಆರು ತಿಂಗಳ ಶಿಶುಪಾಲನಾ ರಜೆಯನ್ನೂ ಕೊಟ್ಟಿತು. 2023–24ರ ಬಜೆಟ್‌ನಲ್ಲಿ ಬಂದ ‘ಕೂಸಿನ ಮನೆ’ ಇನ್ನೂ ಮುಖ್ಯವಾದ ಹೆಜ್ಜೆ: 4,000 ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿ ಕೂಲಿ ಮಹಿಳೆಯರ ಪುಟ್ಟ ಮಕ್ಕಳಿಗೆ ಪಾಲನಾ ಕೇಂದ್ರ. ಎರಡೂವರೆ ವರ್ಷದ ಆ ಕಂದಕವನ್ನು ಸರ್ಕಾರ ನೇರವಾಗಿ ಗುರುತಿಸಿದ್ದು ಇಲ್ಲಿ.

ಆದರೂ ಬಾಗಿಲು ಕಿರಿದು. ಹೊರಗಿನಿಂದ ಬಂದ ಕಬ್ಬಿನ ಗ್ಯಾಂಗಿನವಳ ಬಳಿ ಈ ಪಂಚಾಯಿತಿಯ ಜಾಬ್ ಕಾರ್ಡ್ ಇಲ್ಲ. ರಬಕವಿ–ಬನಹಟ್ಟಿ ನಗರಸಭೆ, ಮಹಾಲಿಂಗಪುರ ಪುರಸಭೆ. ಅಲ್ಲಿನ ನೇಕಾರ ಹೆಣ್ಣುಮಗಳು ಗ್ರಾಮ ಪಂಚಾಯಿತಿಯ ಲೆಕ್ಕದಲ್ಲೇ ಬರುವುದಿಲ್ಲ. ಪಾಳಿಯಲ್ಲಿ ದುಡಿಯುವ ನರ್ಸ್‌ಗೆ ಹಗಲಿನ ಕೇಂದ್ರ ಅರ್ಧ ಉಪಯೋಗ. ತಾಯಿ ಯಾವ ಯೋಜನೆಗೆ ಸೇರಿದವಳು ಎಂದು ಕೇಳಿ ಕೂಸನ್ನು ಒಳಗೆ ಬಿಡುವ ಪದ್ಧತಿ ಇರುವವರೆಗೆ ಬಹುಪಾಲು ಕೂಸುಗಳು ಹೊರಗೇ ಇರುತ್ತವೆ. ಶಿಶುಪಾಲನಾ ಕೇಂದ್ರ ಮಾಲೀಕನಿಗೆ ಅಂಟಿಕೊಳ್ಳದೆ ಊರಿಗೆ ಅಂಟಿಕೊಳ್ಳಬೇಕು. ಕುಡಿಯುವ ನೀರಿನ ನಲ್ಲಿಯ ಮುಂದೆ ನಿಂತವಳನ್ನು ಯಾರೂ ‘ಎಲ್ಲಿ ಕೆಲಸ ಮಾಡುತ್ತೀ’ ಎಂದು ಕೇಳುವುದಿಲ್ಲ.

ಮಾದರಿಗಳಿಗೆ ಕೊರತೆಯಿಲ್ಲ. ಛತ್ತೀಸಗಡದ ‘ಫುಲ್ವಾರಿ’ಗಳಲ್ಲಿ ಊರಿನ ತಾಯಂದಿರೇ ಸರದಿಯ ಮೇಲೆ ಆರು ತಿಂಗಳಿಂದ ಮೂರು ವರ್ಷದ ಮಕ್ಕಳನ್ನು ನೋಡಿಕೊಂಡು ಬಿಸಿ ಊಟ ಹಾಕಿದ್ದಾರೆ. ಕೊಲಂಬಿಯಾದಲ್ಲಿ 1980ರ ದಶಕದಿಂದ ನೆರೆಯ ‘ಸಮುದಾಯ ತಾಯಿ’ಯ ಮನೆಯೇ ಸರ್ಕಾರದ ನೆರವಿನಲ್ಲಿ ಹತ್ತು–ಹದಿನೈದು ಮಕ್ಕಳ ಪಾಲನಾ ಕೇಂದ್ರವಾಗಿದೆ. ಬನಹಟ್ಟಿಯ ಓಣಿಗೆ ಇಂಥದ್ದು ಚೆನ್ನಾಗಿ ಒಗ್ಗುತ್ತದೆ.

ಕಾನೂನಿನ ದಾರಿಯೂ ಈಗ ತೆರೆದಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ 50 ನೌಕರರ ಮಿತಿಯನ್ನು ಉಳಿಸಿಕೊಂಡಿದೆಯಾದರೂ, ಹಲವು ಸಂಸ್ಥೆಗಳು ಹಣ ಕೂಡಿಸಿ ಒಂದೇ ಕೇಂದ್ರ ನಡೆಸಬಹುದು, ಸರ್ಕಾರ, ನಗರಸಭೆ ಅಥವಾ ಸ್ವಯಂಸೇವಾ ಸಂಸ್ಥೆಯ ಕೇಂದ್ರವನ್ನು ಬಳಸಬಹುದು ಎನ್ನುತ್ತದೆ. ಒಂದು ನಗರಸಭೆ ಮನಸ್ಸು ಮಾಡಿ ಬಸ್ ನಿಲ್ದಾಣದ ಹತ್ತಿರ ಕೇಂದ್ರ ತೆರೆದರೆ ಬ್ಯಾಂಕು, ಆಸ್ಪತ್ರೆ, ಶಾಲೆಗಳಿಂದ ವಂತಿಗೆ ಪಡೆಯಬಹುದು. ಐವತ್ತಕ್ಕಿಂತ ಕಡಿಮೆ ಜನರಿರುವ ಕಡೆಯ ತಾಯಂದಿರನ್ನೂ ಸೇರಿಸಿಕೊಳ್ಳಬಹುದು.

ಖರ್ಚು ಹೀಗೆ ಹಂಚಿಹೋದರೆ ಇನ್ನೊಂದು ಅಪಾಯವೂ ತಗ್ಗುತ್ತದೆ. ಭಾರತದಲ್ಲಿ ಇಎಸ್‌ಐ ವಿಮೆಯ ವ್ಯಾಪ್ತಿಯ ಹೊರಗೆ 26 ವಾರದ ವೇತನವನ್ನೂ ಕೇಂದ್ರದ ಖರ್ಚನ್ನೂ ಹೊರುವವನು ಮಾಲೀಕ. ಹೊಸದಾಗಿ ಮದುವೆಯಾದ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಳ್ಳಲು ಸಣ್ಣ ಸಂಸ್ಥೆ ಹಿಂಜರಿಯಲು ಅದೇ ಸಾಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಡಂಬಡಿಕೆ ಈ ಕಾರಣಕ್ಕೇ ಹೆರಿಗೆ ಭತ್ಯೆ ವಿಮೆ ಅಥವಾ ಸಾರ್ವಜನಿಕ ನಿಧಿಯಿಂದ ಬರಬೇಕು ಎನ್ನುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ.

ಹಣ ಎಲ್ಲಿಂದ? ಮಹಾರಾಷ್ಟ್ರ ಕಬ್ಬು ಕಟಾವು ಕಾರ್ಮಿಕರ ಕಲ್ಯಾಣಕ್ಕೆ ಗೋಪಿನಾಥ ಮುಂಡೆ ಹೆಸರಿನ ಮಹಾಮಂಡಳ ಸ್ಥಾಪಿಸಿ, ಸಕ್ಕರೆ ಕಾರ್ಖಾನೆಗಳಿಂದ ಟನ್ನಿಗೆ 10 ರೂಪಾಯಿ ವಂತಿಗೆ ನಿಗದಿ ಮಾಡಿದೆ. ಇಲ್ಲಿ ಅದರ ಅರ್ಧ, ಟನ್ನಿಗೆ 5 ರೂಪಾಯಿ, ಎಂದಿಟ್ಟುಕೊಂಡರೂ ಹತ್ತು ಲಕ್ಷ ಟನ್ ನುರಿಸುವ ಕಾರ್ಖಾನೆಯಿಂದ ಹಂಗಾಮಿಗೆ 50 ಲಕ್ಷ ರೂಪಾಯಿ ಬರುತ್ತದೆ. ಗ್ಯಾಂಗುಗಳು ಬೀಡುಬಿಡುವ ಜಾಗದಲ್ಲಿ ತಗಡಿನ ಶೆಡ್, ಇಬ್ಬರು ಆಯಾಗಳು, ಅಡುಗೆ, ನೀರು, ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆಯ ಭೇಟಿ: ಇಂಥ ಹತ್ತಾರು ಕೇಂದ್ರಗಳನ್ನು ನಾಲ್ಕೈದು ತಿಂಗಳು ನಡೆಸಲು ಈ ಹಣ ಸಾಕು.

2025ರ ನವೆಂಬರ್‌ನಲ್ಲಿ ಕಬ್ಬಿನ ದರದ ಹೋರಾಟ ಮುಧೋಳ ಭಾಗವನ್ನು ಇಡೀ ರಾಜ್ಯದ ಸುದ್ದಿ ಮಾಡಿತು. ಟನ್ನಿಗೆ ಎಷ್ಟು ಎಂದು ರೈತರು, ಕಾರ್ಖಾನೆಗಳು, ಸರ್ಕಾರ ರೂಪಾಯಿ ರೂಪಾಯಿಗೆ ಚೌಕಾಸಿ ಮಾಡಿದವು. ರೈತನಿಗೆ ಅದು ಬದುಕಿನ ಪ್ರಶ್ನೆ, ಮಾಡಲೇಬೇಕಿತ್ತು. ಟನ್ನಿನ ಅದೇ ಲೆಕ್ಕದಲ್ಲಿ ಕೂಸಿಗೂ ಪಾಲಿರಬೇಕು. ಹಂಗಾಮು ಶುರುವಾಗುವ ಮುನ್ನ ಜಿಲ್ಲಾಡಳಿತ ಕಾರ್ಖಾನೆಗಳ ಪ್ರತಿನಿಧಿಗಳನ್ನೂ ರೈತ ಮುಖಂಡರನ್ನೂ ಕೂರಿಸಿಕೊಂಡು ಸಭೆ ನಡೆಸುವುದು ರೂಢಿ. ದರ, ತೂಕ, ಬಾಕಿ ಪಾವತಿಯ ಜೊತೆಗೆ ಗ್ಯಾಂಗುಗಳ ಜೊತೆ ಎಷ್ಟು ಕೂಸುಗಳು ಬರುತ್ತಿವೆ, ಯಾವ ಕಾರ್ಖಾನೆಯ ವ್ಯಾಪ್ತಿಯಲ್ಲಿ ಎಲ್ಲಿ ಕೇಂದ್ರ ತೆರೆಯಬೇಕು ಎಂಬುದನ್ನೂ ಮುಂದಿನ ಹಂಗಾಮಿನ ಸಭೆಯ ವಿಷಯಪಟ್ಟಿಗೆ ಸೇರಿಸಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧಿಕಾರಿಗಳು ಆ ಮೇಜಿನ ಸುತ್ತ ಕೂತಿರಬೇಕು, ಕಬ್ಬು ಕಡಿಯುವ ಹೆಣ್ಣುಮಕ್ಕಳಲ್ಲಿ ಒಂದಿಬ್ಬರಾದರೂ ಇರಬೇಕು.