ಸಂಬಳ 4,000 ದಿರ್ಹಂ ಇದ್ದರೂ ಪತ್ನಿಯ ವೀಸಾ ತಡವಾಗುವುದೇಕೆ?

ಕಾಸರಗೋಡು: ಗಲ್ಫಿನಲ್ಲಿ ದುಡಿಯುವ ಯುವಕ ರಜೆಯಲ್ಲಿ ಊರಿಗೆ ಬಂದು, ಮದುವೆಯಾಗಿ, ಒಂದೆರಡು ತಿಂಗಳಲ್ಲಿ ಮರಳುವುದು ಉಪ್ಪಳ, ಕುಂಬಳೆ, ಚೆರ್ಕಳ, ಕಾಞಂಗಾಡಿನ ಮನೆಗಳಿಗೆ ಹೊಸತಲ್ಲ. ಹೊರಡುವಾಗ "ಬೇಗ ವೀಸಾ ಕಳುಹಿಸುತ್ತೇನೆ" ಎಂದು ಮಾತು ಕೊಡುವುದೂ ಹೊಸತಲ್ಲ. ಆದರೆ ಆ ವೀಸಾ ಕೆಲವರಿಗೆ ಎರಡು ತಿಂಗಳಲ್ಲಿ ಬರುತ್ತದೆ, ಕೆಲವರಿಗೆ ವರ್ಷಗಳು ಹಿಡಿಯುತ್ತವೆ, ಇನ್ನು ಹಲವರಿಗೆ ಬರುವುದೇ ಇಲ್ಲ. ಸಂಬಳ ಸಾಲದು ಎಂಬುದು ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ. ಅದು ಅರ್ಧ ಸತ್ಯ ಮಾತ್ರ. ಉಳಿದರ್ಧ ಊರಿನ ಪಂಚಾಯತು ಕಚೇರಿಯಲ್ಲಿ, ತಲಪಾಡಿ ಗಡಿಯ ಆಚೆ ಈಚೆ ಇದೆ.

ಮೊದಲು ಸಂಬಳದ ವಿಚಾರ. ಯುಎಇಯಲ್ಲಿ ಕುಟುಂಬಕ್ಕೆ ವಾಸ್ತವ್ಯ ವೀಸಾ ಪಡೆಯಲು ತಿಂಗಳಿಗೆ 4,000 ದಿರ್ಹಂ ಸಂಬಳ, ಇಲ್ಲವೇ 3,000 ದಿರ್ಹಂ ಮತ್ತು ವಸತಿ ಇರಬೇಕು. ಹಿಂದೆ ಸಂಬಳದ ಜೊತೆ ಹುದ್ದೆಯನ್ನೂ ನೋಡುತ್ತಿದ್ದರು. ವೀಸಾದಲ್ಲಿ 'ಸಹಾಯಕ' ಎಂದೋ 'ಕಾರ್ಮಿಕ' ಎಂದೋ ಬರೆದಿದ್ದರೆ ಎಷ್ಟು ಸಂಪಾದಿಸಿದರೂ ಕುಟುಂಬವನ್ನು ಕರೆಸಿಕೊಳ್ಳುವುದು ಕಷ್ಟವಿತ್ತು. 2019ರಲ್ಲಿ ಹುದ್ದೆಯ ಷರತ್ತನ್ನು ಕೈಬಿಟ್ಟು ಆದಾಯವನ್ನು ಮಾತ್ರ ಮಾನದಂಡವಾಗಿ ಇಟ್ಟುಕೊಳ್ಳಲಾಯಿತು. ಅಂಗಡಿ, ಕೆಫೆಟೇರಿಯಾ, ಗ್ರೋಸರಿಗಳಲ್ಲಿ ದುಡಿಯುವ ನಮ್ಮ ಜಿಲ್ಲೆಯವರಿಗೆ ಇದು ದೊಡ್ಡ ಅನುಕೂಲವೇ ಸರಿ.

ಆದರೆ 4,000 ಎಂಬ ಸಂಖ್ಯೆಯ ಹಿಂದೆ ಬೇರೆ ಲೆಕ್ಕಗಳಿವೆ. ಸಣ್ಣ ಅಂಗಡಿಗಳಲ್ಲಿ ಕೈಗೆ ಬರುವ ಹಣ ಒಂದು, ಕರಾರುಪತ್ರದಲ್ಲಿ ಬರೆದ ಸಂಬಳ ಇನ್ನೊಂದು. ಕಮಿಷನ್, ಓವರ್‌ಟೈಮ್ ಸೇರಿ 4,500 ಆಗುವವನ ಕರಾರಿನಲ್ಲಿ 1,800 ಎಂದಿದ್ದರೆ ಅಧಿಕಾರಿಗಳು ನೋಡುವುದು 1,800ನ್ನೇ. ಸಂಬಳ ಬ್ಯಾಂಕಿನ ಮೂಲಕವೇ ಬರಬೇಕೆಂಬ ವ್ಯವಸ್ಥೆ ಯುಎಇಯಲ್ಲಿ 2009ರಿಂದ ಇರುವುದರಿಂದ ಕೊನೇ ಗಳಿಗೆಯಲ್ಲಿ ಮಾಲಕನಿಂದ ದೊಡ್ಡ ಮೊತ್ತದ ಪತ್ರ ಬರೆಸಿಕೊಂಡರೂ ಅದು ಬ್ಯಾಂಕಿನ ದಾಖಲೆಗೆ ತಾಳೆಯಾಗುವುದಿಲ್ಲ. ಹೀಗಾಗಿ ಕುಟುಂಬವನ್ನು ಕರೆಸುವ ಯೋಚನೆ ಇರುವವರು ಮದುವೆಗೆ ಮೊದಲೇ ಕರಾರು ಸರಿಪಡಿಸಿಕೊಳ್ಳಬೇಕಾಗುತ್ತದೆ. ಹೆಣ್ಣು ನೋಡುವ ಹೊತ್ತಿಗೆ ಮನೆಯವರು ಕೇಳುವುದು ಕೈಗೆ ಬರುವ ಸಂಬಳವನ್ನು. ಕರಾರಿನಲ್ಲಿ ಎಷ್ಟಿದೆ ಎಂದು ಕೇಳುವವರು ವಿರಳ.

ಇನ್ನೊಂದು, ಮನೆ. ದುಬೈಯ ನಾಯಿಫ್, ದೇರಾ ಭಾಗಗಳಲ್ಲಿ ಕಾಸರಗೋಡಿನವರು ಒಂದೇ ಕೋಣೆಯಲ್ಲಿ ಆರೆಂಟು ಮಂದಿ ಸೇರಿ ಬೆಡ್‌ಸ್ಪೇಸ್‌ನಲ್ಲಿ ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಪತ್ನಿಯ ವೀಸಾಕ್ಕೆ ಆ ವಿಳಾಸ ನಡೆಯುವುದಿಲ್ಲ. ಅರ್ಜಿದಾರನ ಹೆಸರಿನಲ್ಲಿ ನೋಂದಾಯಿತ ಬಾಡಿಗೆ ಕರಾರು ಬೇಕು. ದುಬೈಯಲ್ಲಿ ಇದನ್ನು ಎಜಾರಿ ಎನ್ನುತ್ತಾರೆ. ಅದರ ಮೇಲೆ ಆರೋಗ್ಯ ವಿಮೆ, ವೈದ್ಯಕೀಯ ತಪಾಸಣೆ, ಎಮಿರೇಟ್ಸ್ ಐಡಿ ಖರ್ಚು. 4,000 ದಿರ್ಹಂ ಸಂಬಳದವನು ಒಂದು ಸಣ್ಣ ಮನೆಯ ಬಾಡಿಗೆ ಕೊಟ್ಟು, ಊರಿನಲ್ಲಿ ತಂದೆತಾಯಿಗೆ ಕಳುಹಿಸಿ, ಮದುವೆಯ ಸಾಲದ ಕಂತು ಕಟ್ಟಿದ ಮೇಲೆ ಎಷ್ಟು ಉಳಿದೀತು? ಕಾನೂನು ಅನುಮತಿಸಿದರೂ ಜೇಬು ಅನುಮತಿಸದ ಕುಟುಂಬಗಳು ನಮ್ಮಲ್ಲಿ ಬಹಳ ಇವೆ.

ಉಳಿದ ರಾಷ್ಟ್ರಗಳಲ್ಲಿ ನಿಯಮ ಒಂದೊಂದು ತೆರ. ಒಮಾನ್ 2017ರಲ್ಲಿ ಮಿತಿಯನ್ನು 600 ರಿಯಾಲಿನಿಂದ 300ಕ್ಕೆ, 2023ರಲ್ಲಿ 150ಕ್ಕೆ ಇಳಿಸಿತು. ಕುವೈತ್ ಹೋದದ್ದು ಎದುರು ದಿಕ್ಕಿಗೆ. 2022ರಲ್ಲಿ ಕುಟುಂಬ ವೀಸಾವನ್ನೇ ನಿಲ್ಲಿಸಿ, 2024ರ ಜನವರಿಯಲ್ಲಿ ಮತ್ತೆ ಆರಂಭಿಸುವಾಗ 800 ದಿನಾರ್ ಸಂಬಳ ಮತ್ತು ಪದವಿ ಬೇಕೆಂದಿತು. ಪದವಿಯ ಷರತ್ತನ್ನು ಅದೇ ವರ್ಷ ಸಡಿಲಿಸಲಾಯಿತು. ಸೌದಿಯಲ್ಲಿ ಕರೆಸಿಕೊಳ್ಳುವುದಕ್ಕಿಂತ ಉಳಿಸಿಕೊಳ್ಳುವುದೇ ಕಷ್ಟವಾಯಿತು. 2017ರ ಜುಲೈಯಲ್ಲಿ ಪ್ರತಿಯೊಬ್ಬ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್‌ನಂತೆ ಆರಂಭವಾದ ಶುಲ್ಕ ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400 ತಲುಪಿತು. ಪತ್ನಿ ಮತ್ತು ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 14,400 ರಿಯಾಲ್. ಆ ವರ್ಷಗಳಲ್ಲಿ ಅನೇಕ ಕುಟುಂಬಗಳು ಊರಿಗೆ ಮರಳಿ, ಮಕ್ಕಳು ಶಾಲೆ ಬದಲಿಸಿ, ಗಂಡಸರು ಮತ್ತೆ ಬ್ಯಾಚುಲರ್ ಕೋಣೆಗಳಿಗೆ ಹೋದರು.

ಇನ್ನು ದಾಖಲೆಗಳ ವಿಚಾರ. ಇಲ್ಲಿ ಗಡಿನಾಡಿನವರ ತೊಂದರೆ ಕೇರಳದ ಇತರ ಜಿಲ್ಲೆಯವರಿಗಿಂತ ಬೇರೆಯೇ ಆಗಿದೆ.

ವಿವಾಹ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದ ಬಳಿಕ ಕೇರಳ 2008ರಲ್ಲಿ ಎಲ್ಲ ಧರ್ಮದವರಿಗೂ ಅನ್ವಯವಾಗುವ ಸಾಮಾನ್ಯ ವಿವಾಹ ನೋಂದಣಿ ನಿಯಮಗಳನ್ನು ತಂದಿತು. ಮದುವೆ ನಡೆದ ಸ್ಥಳದ ಪಂಚಾಯತು ಅಥವಾ ನಗರಸಭೆಯಲ್ಲಿ 45 ದಿನಗಳೊಳಗೆ ನೋಂದಾಯಿಸಬೇಕು. ಅವಧಿ ಮೀರಿದರೂ ದಂಡ ಕಟ್ಟಿ ನೋಂದಾಯಿಸಬಹುದು. ಬಹಳ ತಡವಾದರೆ ಮೇಲಧಿಕಾರಿಯ ಅನುಮತಿ ಬೇಕಾಗುತ್ತದೆ. ದೇವಸ್ಥಾನದ ರಶೀದಿ, ಜಮಾಅತಿನ ನಿಕಾಹ್ ಪತ್ರ, ಇಗರ್ಜಿಯ ಪತ್ರ ಇವು ನೋಂದಣಿಗೆ ಆಧಾರವೇ ಹೊರತು ವೀಸಾ ಕಚೇರಿಗೆ ಸಾಲುವ ದಾಖಲೆಗಳಲ್ಲ.

ಪಾಸ್‌ಪೋರ್ಟಿನಿಂದಾಗಿ ಇಲ್ಲೊಂದು ತಪ್ಪು ತಿಳಿವಳಿಕೆಯೂ ಹಬ್ಬಿದೆ. 2016ರ ಡಿಸೆಂಬರಿನಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟು ಅರ್ಜಿಗೆ ವಿವಾಹ ಪ್ರಮಾಣಪತ್ರ ಬೇಡವೆಂದಿತು. ಪಯ್ಯನ್ನೂರಿನ ಸೇವಾ ಕೇಂದ್ರಕ್ಕೆ ಹೋಗಿ ಪ್ರಮಾಣಪತ್ರವಿಲ್ಲದೆಯೇ ಪತಿಯ ಹೆಸರು ಸೇರಿಸಿಕೊಂಡು ಬಂದವರು, ಎಲ್ಲವೂ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ವೀಸಾ ಕೊಡುವ ರಾಷ್ಟ್ರ ಕೇಳುವುದು ದೃಢೀಕರಿಸಿದ ವಿವಾಹ ಪ್ರಮಾಣಪತ್ರವನ್ನೇ. ಪತಿ ಗಲ್ಫಿಗೆ ಮರಳಿದ ಮೇಲೆ ಈ ವಿಷಯ ಗೊತ್ತಾದರೆ ಹಿಂದೆ ಅವನು ಸಹಿ ಹಾಕಲು ಮತ್ತೆ ರಜೆ ಹಾಕಿ ಬರಬೇಕಿತ್ತು. ನಗರಸಭೆಗಳಲ್ಲಿ 2024ರ ಜನವರಿಯಿಂದಲೂ ಗ್ರಾಮ ಪಂಚಾಯತುಗಳಲ್ಲಿ 2025ರ ಎಪ್ರಿಲ್‌ನಿಂದಲೂ ಬಂದ ಕೆ-ಸ್ಮಾರ್ಟ್ ವ್ಯವಸ್ಥೆಯಲ್ಲಿ ವೀಡಿಯೊ ಮೂಲಕ ಗುರುತು ಖಚಿತಪಡಿಸಿ ನೋಂದಾಯಿಸುವ ಅವಕಾಶ ಇದೆ. ಇದು ನಿಜಕ್ಕೂ ಒಳ್ಳೆಯ ಕೆಲಸ.

ಆದರೆ ಮದುವೆ ಕೇರಳದಲ್ಲಿ ನಡೆದಿದ್ದರೆ ಮಾತ್ರ. ಮಂಜೇಶ್ವರ, ವರ್ಕಾಡಿ, ಮೀಂಜದವರಿಗೆ ತೊಕ್ಕೊಟ್ಟು, ಮಂಗಳೂರಿನ ಸಭಾಂಗಣಗಳು ಕಾಸರಗೋಡು ಪೇಟೆಗಿಂತ ಹತ್ತಿರ. ಎಣ್ಮಕಜೆ, ಬೆಳ್ಳೂರಿನವರ ನೆಂಟಸ್ತಿಕೆ ಪುತ್ತೂರು, ಸುಳ್ಯ, ವಿಟ್ಲದ ಕಡೆಗೆ. ಹೆಣ್ಣಿನ ಮನೆಯವರು ಮದುವೆ ಮಾಡಿಕೊಡುವುದು ಅವರ ಊರಿನಲ್ಲಿ. ತಲಪಾಡಿ ದಾಟಿ ಧಾರೆ ಎರೆದರೆ ಅಥವಾ ನಿಕಾಹ್ ನಡೆದರೆ ಆ ಮದುವೆಯ ದಾಖಲೆ ಕರ್ನಾಟಕದ್ದು. ನೋಂದಣಿ ಅಲ್ಲಿಯ ಉಪನೋಂದಣಾಧಿಕಾರಿ ಕಚೇರಿಯಲ್ಲಿ, ಅಲ್ಲಿಯ ನಿಯಮದಂತೆ. ದಾಖಲೆ ನೀಡಿದ ರಾಜ್ಯವೇ ಅದನ್ನು ಮೊದಲು ದೃಢೀಕರಿಸಬೇಕೆಂಬುದು ವಿದೇಶಾಂಗ ಸಚಿವಾಲಯದ ಕ್ರಮ. ಅಂದರೆ ಕೇರಳದ ನೋರ್ಕಾ ರೂಟ್ಸ್ ಇದರಲ್ಲಿ ಏನೂ ಮಾಡುವಂತಿಲ್ಲ; ಕಡತ ಬೆಂಗಳೂರಿನ ದಾರಿ ಹಿಡಿಯಬೇಕು. ಕೇರಳದ ದಾಖಲೆಯಾದರೂ ಕೈಗೆಟಕುವ ಹಾಗಿಲ್ಲ ಅನ್ನಿ, ನೋರ್ಕಾದ ಪ್ರಾದೇಶಿಕ ದೃಢೀಕರಣ ಕೇಂದ್ರ ಈ ಭಾಗದವರಿಗೆ ಕಲ್ಲಿಕೋಟೆಯಲ್ಲಿ.

ಕರ್ನಾಟಕದಲ್ಲಿ ಮದುವೆಯಾದ ಮುಸ್ಲಿಂ ದಂಪತಿಗಳಿಗೆ ಇನ್ನೊಂದು ಗೊಂದಲ ಬಂತು. ಅಲ್ಲಿನ ಸರಕಾರ 2023ರ ಆಗಸ್ಟ್‌ನಲ್ಲಿ ವಕ್ಫ್ ಮಂಡಳಿಗೆ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರ ಕೊಟ್ಟಿತ್ತು. 2024ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ಆ ಪತ್ರವನ್ನು ನಂಬಿ ವೀಸಾಕ್ಕೆ ಸಿದ್ಧತೆ ಮಾಡಿಕೊಂಡವರು ಮತ್ತೆ ಮೊದಲಿನಿಂದ ಆರಂಭಿಸಬೇಕಾದ ಸ್ಥಿತಿ.

ಮಕ್ಕಳಿದ್ದರೆ ಸಮಸ್ಯೆ ಇಮ್ಮಡಿ. ದೊಡ್ಡ ಆಸ್ಪತ್ರೆಗೆ ಮಂಗಳೂರನ್ನೇ ನಂಬಿರುವ ಜಿಲ್ಲೆ ಇದು. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿದಾಗ ಅದರ ಕಹಿ ಎಲ್ಲರೂ ಉಂಡಿದ್ದಾರೆ. ಹೆರಿಗೆಗೂ ಅನೇಕರು ಹೋಗುವುದು ಅಲ್ಲಿಗೇ. ಹಾಗಾಗಿ ಕುಂಬಳೆಯಲ್ಲಿ ಮದುವೆಯಾದ ದಂಪತಿಯ ವಿವಾಹ ಪತ್ರ ಕೇರಳದ್ದು, ಮಗುವಿನ ಜನನ ಪತ್ರ ಮಂಗಳೂರು ಮಹಾನಗರಪಾಲಿಕೆಯದ್ದು. ಒಂದೇ ವೀಸಾ ಕಡತಕ್ಕೆ ಎರಡು ರಾಜ್ಯಗಳ ಮುದ್ರೆ. ಆಸ್ಪತ್ರೆಯಿಂದ ಬಂದ ಜನನ ಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದೂ ಸಾಮಾನ್ಯ. ಒಂದು ವರ್ಷದೊಳಗೆ ಹೆಸರು ಸೇರಿಸುವುದು ಉಚಿತ, 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ಅದಕ್ಕೂ ಗಡಿ ದಾಟಿಯೇ ಹೋಗಬೇಕು.

ಹೆಸರಿನ ತೊಡಕನ್ನು ಬರೆಯಹೊರಟರೆ ಅದೇ ಒಂದು ಪುರಾಣವಾದೀತು. ಕನ್ನಡ ಶಾಲೆಯಲ್ಲಿ ಕಲಿತ ಹುಡುಗಿಯ ಹೆಸರು ಶಾಲಾ ದಾಖಲೆಯಲ್ಲಿ ಒಂದು ರೀತಿ, ಮಲಯಾಳದಿಂದ ಇಂಗ್ಲಿಷಿಗೆ ಇಳಿಸಿದ ಪಂಚಾಯತು ದಾಖಲೆಯಲ್ಲಿ ಇನ್ನೊಂದು ರೀತಿ. ಮಂಜೇಶ್ವರ ಒಂದು ಕಡೆ 'ಮಂಜೇಶ್ವರಂ' ಆಗಿರುತ್ತದೆ. ಮೊಯ್ದೀನ್ ಎಂಬ ಒಂದೇ ಹೆಸರಿಗೆ ಇಂಗ್ಲಿಷಿನಲ್ಲಿ ನಾಲ್ಕಾರು ಕಾಗುಣಿತ. ಇನಿಶಿಯಲ್ ಒಂದು ದಾಖಲೆಯಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಬಿಡಿಸಿ ಬರೆದ ಮನೆತನದ ಹೆಸರು. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆ ಇಲ್ಲ. ಅಬುಧಾಬಿಯ ಕೌಂಟರಿನಲ್ಲಿ ಕೂತವನಿಗೆ ಮಾತ್ರ ಅವರು ಮೂವರು ಬೇರೆ ಬೇರೆ ವ್ಯಕ್ತಿಗಳು. ವಿವಾಹ ನೋಂದಣಿಯ ಅರ್ಜಿ ತುಂಬಿಸುವಾಗಲೇ ಇಬ್ಬರ ಪಾಸ್‌ಪೋರ್ಟನ್ನೂ ಎದುರಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೆಸಿದರೆ ಈ ಗೋಳು ಬಹುಪಾಲು ತಪ್ಪುತ್ತದೆ. ಅಕ್ಷಯ ಕೇಂದ್ರದ ನೂಕುನುಗ್ಗಲಿನಲ್ಲಿ ಆ ಹತ್ತು ನಿಮಿಷ ಸಿಗುವುದಿಲ್ಲ ಎಂಬುದೂ ನಿಜ.

ದಾಖಲೆ ಸರಿಯಾದ ಮೇಲೂ ಯುಎಇ, ಕುವೈತ್, ಕತಾರಿಗೆ ಹೋಗುವ ಕಾಗದ ರಾಜ್ಯ ಸರಕಾರ, ವಿದೇಶಾಂಗ ಸಚಿವಾಲಯ, ಆಯಾ ರಾಯಭಾರ ಕಚೇರಿ ಎಂದು ಮೂರು ಮೆಟ್ಟಿಲು ಹತ್ತಬೇಕು. ಒಮಾನ್, ಬಹರೈನ್, ಸೌದಿ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿರುವುದರಿಂದ ಅಲ್ಲಿಗೆ ಸಚಿವಾಲಯದ ಅಪೋಸ್ಟಿಲ್ ಮುದ್ರೆಯೇ ಸಾಕು. ಈ ವ್ಯತ್ಯಾಸ ಗೊತ್ತಿಲ್ಲದವರಿಂದ ಬೇಡದ ಮುದ್ರೆಗೂ ಹಣ ಪಡೆಯುವ ಏಜೆಂಟರಿದ್ದಾರೆ. ಅದಕ್ಕಿಂತ ಅಪಾಯ ಕಳ್ಳಮುದ್ರೆಯದ್ದು. ನಕಲಿ ಪಾಸ್‌ಪೋರ್ಟು, ನಕಲಿ ಸೀಲುಗಳ ಜಾಲಕ್ಕೆ 'ಕಾಸರಗೋಡು ಎಂಬೆಸಿ' ಎಂಬ ಅಡ್ಡಹೆಸರು ಬಿದ್ದು ಜಿಲ್ಲೆಗೆ ಕೆಟ್ಟ ಹೆಸರು ಬಂದದ್ದು ಹಳೆಯ ಕತೆ. ನಕಲಿ ಮುದ್ರೆ ಸಿಕ್ಕಿಬಿದ್ದರೆ ತೊಂದರೆಗೆ ಸಿಲುಕುವುದು ಏಜೆಂಟನಲ್ಲ, ಕಾಗದ ಕೊಟ್ಟ ದಂಪತಿ.

ಗಲ್ಫಿನ ವೀಸಾ ಎಷ್ಟಾದರೂ ತಾತ್ಕಾಲಿಕ. ನೆಲೆಸುವ ವೀಸಾದ ಪ್ರಶ್ನೆ ಬರುವುದು ಬ್ರಿಟನ್ನಿನಂಥ ಕಡೆ. ಕೇರಳ ವಲಸೆ ಸಮೀಕ್ಷೆಯ ಪ್ರಕಾರ 2023ರಲ್ಲಿ ಹೊರದೇಶಗಳಲ್ಲಿದ್ದ ಕೇರಳೀಯರು ಸುಮಾರು 22 ಲಕ್ಷ. ಅವರಲ್ಲಿ ಗಲ್ಫಿನವರ ಪಾಲು 2018ರ ಶೇ. 89.2ರಿಂದ ಶೇ. 80.5ಕ್ಕೆ ಇಳಿದಿದೆ. ಮಹಿಳೆಯರ ಪಾಲು ಏರಿದೆ. ರಾಜಪುರಂ, ಪಾಣತ್ತೂರು, ವೆಳ್ಳರಿಕುಂಡಿನ ಮಲೆನಾಡು ಭಾಗದ ನರ್ಸ್‌ಗಳನ್ನು ನೆನೆದರೆ ಇದು ಅರ್ಥವಾಗುತ್ತದೆ. ಇಲ್ಲಿ ಕರೆಸಿಕೊಳ್ಳುವವಳು ಪತ್ನಿ, ಕಾಯುವವನು ಪತಿ.

ಬ್ರಿಟನ್ನಿನಲ್ಲಿ ಕಾಯಂ ವಾಸದ ಹಕ್ಕು ಪಡೆದವರು ಸಂಗಾತಿಯನ್ನು ಕರೆಸಲು 2012ರಿಂದ ವರ್ಷಕ್ಕೆ 18,600 ಪೌಂಡ್ ಆದಾಯ ತೋರಿಸಬೇಕಿತ್ತು. 2024ರ ಎಪ್ರಿಲ್ 11ರಂದು ಅದು 29,000 ಆಯಿತು. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಲ್ಲಿ ಬ್ಯಾಂಡ್ 5 ನರ್ಸ್‌ನ ಆರಂಭಿಕ ಸಂಬಳ 2024–25ರಲ್ಲಿ 29,970. ಮಿತಿಗಿಂತ 970 ಪೌಂಡ್ ಮಾತ್ರ ಹೆಚ್ಚು! ವಾರಕ್ಕೆ ಒಂದು ದಿನ ಕಡಿಮೆ ಕೆಲಸ ಮಾಡಿದರೆ ಮಿತಿಯ ಕೆಳಗೆ ಬಿದ್ದಂತೆ. ಆರು ತಿಂಗಳ ಸಂಬಳ ಚೀಟಿ, ಅದಕ್ಕೆ ಪೈಸೆ ಪೈಸೆ ತಾಳೆಯಾಗುವ ಬ್ಯಾಂಕ್ ವಿವರ, ಉದ್ಯೋಗದಾತರ ಪತ್ರ ಬೇಕು. ಊರಿನಲ್ಲಿ, ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಪತಿಗೆ ಲಕ್ಷ ರೂಪಾಯಿ ಸಂಬಳ ಇದ್ದರೂ ಮೊದಲ ಅರ್ಜಿಯಲ್ಲಿ ಅದು ಲೆಕ್ಕಕ್ಕಿಲ್ಲ. ಆದಾಯದ ಬದಲು ಉಳಿತಾಯ ತೋರಿಸುವುದಾದರೆ ಆರು ತಿಂಗಳು ಖಾತೆಯಲ್ಲಿದ್ದ 88,500 ಪೌಂಡ್ ಬೇಕು. ಜೊತೆಗೆ ಆರೋಗ್ಯ ಶುಲ್ಕ ವರ್ಷಕ್ಕೆ 1,035ರಂತೆ ಮೊದಲ ವೀಸಾ ಅವಧಿಗೆ 3,105 ಪೌಂಡ್, ಇಂಗ್ಲಿಷ್ ಪರೀಕ್ಷೆ, ಕ್ಷಯರೋಗ ತಪಾಸಣೆ. ಕನ್ನಡ, ಮಲಯಾಳದ ದಾಖಲೆಗಳಿಗೆ ಅನುವಾದಕರ ಹೆಸರು, ಸಹಿ, ದಿನಾಂಕವಿರುವ ಇಂಗ್ಲಿಷ್ ಅನುವಾದ.

ಆಸ್ಪತ್ರೆಯ ನರ್ಸ್ ಅಲ್ಲದೆ, ವೃದ್ಧರ ಆರೈಕೆ ಕೆಲಸಕ್ಕೆ ಸಾಲ ಮಾಡಿ ಹೋದವರ ಪಾಡು ಬೇರೆ. 2024ರ ಮಾರ್ಚ್ 11ರಿಂದ ಹೊಸದಾಗಿ ಹೋಗುವ ಆರೈಕೆ ಸಿಬ್ಬಂದಿ ಕುಟುಂಬವನ್ನು ಕರೆದೊಯ್ಯುವಂತಿಲ್ಲ. ಎಷ್ಟು ಸಂಬಳವಿದ್ದರೂ, ಎಷ್ಟು ಕಾಗದ ಜೋಡಿಸಿದರೂ ಇಲ್ಲ. 2025ರ ಜುಲೈಯಲ್ಲಿ ವಿದೇಶದಿಂದ ಆ ಕೆಲಸಕ್ಕೆ ನೇಮಕಾತಿಯನ್ನೇ ಮುಚ್ಚಲಾಯಿತು.

ಪರದೇಶದ ಸಂಬಳ ಮಿತಿಯನ್ನು ತಿರುವನಂತಪುರ ಬದಲಾಯಿಸುವಂತಿಲ್ಲ. ಆದರೆ ದಾಖಲೆಯ ಅರ್ಧ ಪೂರ್ತಿ ಇಲ್ಲಿಯದೇ. ಕಾಸರಗೋಡಿನಲ್ಲೇ ನಿತ್ಯ ದೃಢೀಕರಣ ನಡೆಯುವ ಕೌಂಟರ್, ಪಂಚಾಯತುಗಳಲ್ಲಿ ಕನ್ನಡ ಬಲ್ಲ ಸಿಬ್ಬಂದಿ, ಕರ್ನಾಟಕದ ಕಡೆಯಿಂದ ಮಂಗಳೂರಿನಲ್ಲೇ ರಾಜ್ಯ ಮಟ್ಟದ ಮುದ್ರೆ ಸಿಗುವ ವ್ಯವಸ್ಥೆ, ಇವು ಕೋಟಿಗಟ್ಟಲೆ ಹಣ ಬೇಡುವ ಬೇಡಿಕೆಗಳಲ್ಲ. ಎರಡು ರಾಜ್ಯಗಳ ಅಧಿಕಾರಿಗಳು ಒಮ್ಮೆ ಕುಳಿತು ಮಾತಾಡಿದರೆ ಮುಗಿಯಬಹುದಾದ ಕೆಲಸ. ಹಾಗೆ ಕುಳಿತುಕೊಳ್ಳುವವರೆಗೆ ಮಂಗಳೂರಿನಲ್ಲಿ ಹುಟ್ಟಿದ ಕುಂಬಳೆಯ ಮಗುವಿನ ಜನನ ಪತ್ರ, ದುಬೈಗೆ ಹೋಗುವ ಮೊದಲು ಬೆಂಗಳೂರಿಗೆ ಹೋಗಿ ಬರುತ್ತಲೇ ಇರುತ್ತದೆ.